24 ಪುಟದ ಬ್ರ್ಯಾಂಡ್ ಸ್ಟ್ರಾಟಜಿ ಬಂತು, ಆದರೆ ಅದರಲ್ಲಿ ನಾವೇ ಇಲ್ಲ

ಪ್ರಶ್ನೆ: ನಾನು ಮತ್ತು ನನ್ನ ತಂಗಿ ನಾಲ್ಕು ವರ್ಷದಿಂದ ಬೆನ್ನಿಗೆ ಹಾಕುವ ಬ್ಯಾಗ್‌ಗಳನ್ನು ಹೊಲಿಸಿ ಆನ್‌ಲೈನಿನಲ್ಲಿ ಮಾರುತ್ತಿದ್ದೇವೆ. ವ್ಯಾಪಾರ ನಿಂತಿಲ್ಲ, ಆದರೆ ಬೆಳೆಯುತ್ತಲೂ ಇಲ್ಲ. ಬ್ರ್ಯಾಂಡ್ ಕಟ್ಟಿ ಅಂತ ಎಲ್ಲರೂ ಹೇಳುತ್ತಾರೆ. ಏಜೆನ್ಸಿಗೆ ಕೊಡುವಷ್ಟು ದುಡ್ಡು ನಮ್ಮಲ್ಲಿಲ್ಲ. ಹಾಗಾಗಿ ಒಂದು ಎಐ ಟೂಲ್‌ಗೆ ನಮ್ಮ ವಿವರ ಕೊಟ್ಟೆವು. ಹತ್ತು ನಿಮಿಷದಲ್ಲಿ 24 ಪುಟದ ಬ್ರ್ಯಾಂಡ್ ಸ್ಟ್ರಾಟಜಿ ಬಂತು. ಮಿಷನ್, ವಿಷನ್, ಮೌಲ್ಯಗಳು, ಗ್ರಾಹಕರ ಚಿತ್ರಣ, ಟ್ಯಾಗ್‌ಲೈನ್ ಎಲ್ಲ ಇತ್ತು. ನೋಡಿ ಖುಷಿಯಾಯಿತು. ಆಮೇಲೆ ತಂಗಿ ನಮ್ಮ ಹೆಸರು ತೆಗೆದು ಇನ್ನೊಂದು ಬ್ಯಾಗ್ ಕಂಪನಿಯ ಹೆಸರು ಹಾಕಿ ಗಟ್ಟಿಯಾಗಿ ಓದಿದಳು. ಒಂದು ಪದವನ್ನೂ ಬದಲಿಸಬೇಕಾಗಲಿಲ್ಲ. ಅದೇ ಟೂಲ್ ನಮ್ಮ ಹಳದಿ ಲೋಗೋ ಬಿಟ್ಟು ಕಪ್ಪು ಬಿಳುಪಿನ ಹೊಸ ಲೋಗೋ ಹಾಕಿ ಅಂತಲೂ ಹೇಳುತ್ತಿದೆ. ಸಾಫ್ಟ್‌ವೇರ್ ನಂಬಿ ಬ್ರ್ಯಾಂಡ್ ಕಟ್ಟಬಹುದಾ? ಕಟ್ಟಬಹುದಾದರೆ ಯಾವ ಟೂಲ್ ತಗೊಳ್ಳಬೇಕು?

ಉತ್ತರ: ಮೊದಲು ನಿಮ್ಮ ತಂಗಿಗೆ ಶಹಬ್ಬಾಸ್ ಹೇಳಬೇಕು. ಹೆಸರು ಬದಲಿಸಿ ಓದುವ ಆ ಪರೀಕ್ಷೆಯನ್ನು ನಾನೂ ವರ್ಷಗಳಿಂದ ಮಾಡುತ್ತಾ ಬಂದಿದ್ದೇನೆ. ಏಜೆನ್ಸಿಯವರು ತಿಂಗಳುಗಟ್ಟಲೆ ಕೂತು ಬರೆದ ದಪ್ಪ ದಪ್ಪ ಕಡತಗಳೂ ಅದರಲ್ಲಿ ಸೋತಿದ್ದನ್ನು ಕಂಡಿದ್ದೇನೆ. ಹಾಗಾಗಿ ತಪ್ಪೆಲ್ಲ ಸಾಫ್ಟ್‌ವೇರಿನದೇ ಅಂತ ಹೇಳಲಾರೆ.

ನಿಮ್ಮ ಪ್ರಶ್ನೆಯಲ್ಲಿ ಎರಡು ಆತಂಕಗಳಿವೆ. ದುಡ್ಡಿಲ್ಲ ಅಂತ ಟೂಲ್ ಹಿಡಿದು ದಾರಿ ತಪ್ಪಿದೆವಾ ಅನ್ನೋದು ಒಂದು. ನಮ್ಮಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲವೇನೋ, ಅದಕ್ಕೇ ಹೀಗೆ ಬಂತೇನೋ ಅನ್ನೋ ಅಳುಕು ಇನ್ನೊಂದು. ಎರಡನೆಯದನ್ನು ನೀವು ಬಾಯಿಬಿಟ್ಟು ಹೇಳಿಲ್ಲ. ಆದರೆ ಓದುವಾಗ ನನಗೆ ಹಾಗನ್ನಿಸಿತು. ಆ ಅಳುಕನ್ನು ಈಗಲೇ ಬಿಡಿ. ನಾಲ್ಕು ವರ್ಷ ಜನ ದುಡ್ಡು ಕೊಟ್ಟು ಕೊಳ್ಳುತ್ತಿದ್ದಾರೆ ಅಂದರೆ ಅದಕ್ಕೆ ಕಾರಣ ಇದ್ದೇ ಇದೆ. ಆ ಕಾರಣ 24 ಪುಟದೊಳಗೆ ಬಂದಿಲ್ಲ, ಅಷ್ಟೇ.

ಯಾಕೆ ಬರಲಿಲ್ಲ? 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಇಂಥ ಬ್ರ್ಯಾಂಡ್ ಟೂಲ್‌ಗಳು ಸಾಲುಸಾಲಾಗಿ ಬಂದವು. ಹೆಸರು ಬೇರೆ, ಬಣ್ಣ ಬೇರೆ. ಒಳಗಿರುವುದು ಹೆಚ್ಚೂಕಡಿಮೆ ಒಂದೇ ಬಗೆಯ ಭಾಷಾ ಮಾದರಿ. ಅದು ರಾಶಿರಾಶಿ ಬರಹ ಓದಿ, ಒಂದು ಮಾತು ಆದ ಮೇಲೆ ಯಾವ ಮಾತು ಬರುವ ಸಾಧ್ಯತೆ ಜಾಸ್ತಿ ಅನ್ನೋದನ್ನು ಕಲಿತಿರುತ್ತದೆ. ನೀವು ‘ಬ್ಯಾಗ್, ಆನ್‌ಲೈನ್, ಕೆಲಸಕ್ಕೆ ಹೋಗುವ ಯುವಜನ’ ಅಂತ ಕೊಟ್ಟಿರಿ ಅನ್ನಿ. ಜಗತ್ತಿನ ಬ್ಯಾಗ್ ಕಂಪನಿಗಳೆಲ್ಲ ತಮ್ಮ ಬಗ್ಗೆ ಏನೇನು ಬರೆದುಕೊಂಡಿವೆಯೋ, ಅದರ ಸರಾಸರಿಗೆ ಹತ್ತಿರವಾದದ್ದು ಹೊರಗೆ ಬರುತ್ತದೆ. ಗುಣಮಟ್ಟ, ನಂಬಿಕೆ, ಹೊಸತನ, ಇಂದಿನ ಪೀಳಿಗೆಯ ಜೀವನಶೈಲಿ. ಯಂತ್ರ ತನ್ನ ಕೆಲಸ ಸರಿಯಾಗೇ ಮಾಡಿದೆ. ಆದರೆ ಬ್ರ್ಯಾಂಡ್ ಕಟ್ಟುವುದೇ ಆ ಸರಾಸರಿಯಿಂದ ಒಂದು ಹೆಜ್ಜೆ ಆಚೆ ನಿಲ್ಲುವುದಕ್ಕೆ, ಅಲ್ವಾ? ನಿಮ್ಮ ಹತ್ತಿರ ಮಾತ್ರ ಇರುವ ಮಾಹಿತಿ ಅದರ ಕೈಗೆ ಹೋಗಲೇ ಇಲ್ಲ. ಹೋಗದೆ ಇದ್ದದ್ದು ಬರುವುದಾದರೂ ಹೇಗೆ?

ಇನ್ನೊಂದು ಕಾರಣವೂ ಇದೆ. ಸ್ಟ್ರಾಟಜಿ ಅಂದರೆ ಏನನ್ನು ಬಿಡುತ್ತೇವೆ ಅನ್ನೋ ತೀರ್ಮಾನ. ಯಾವ ಗಿರಾಕಿ ನಮಗೆ ಬೇಡ, ಯಾವ ಮಾದರಿಯ ಬ್ಯಾಗ್ ಮಾಡುವುದಿಲ್ಲ, ಯಾವ ಹೊಗಳಿಕೆಗೆ ಆಸೆ ಪಡುವುದಿಲ್ಲ. ಇದರಲ್ಲಿ ನಷ್ಟ ಇದೆ, ಭಯ ಇದೆ. ಆ ನಷ್ಟ ಅನುಭವಿಸುವವರು ನೀವಿಬ್ಬರು. ಟೂಲ್‌ಗೆ ಕಳೆದುಕೊಳ್ಳುವುದು ಏನೂ ಇಲ್ಲ. ಅದು ಎಲ್ಲರಿಗೂ ಹೌದು ಅನ್ನುತ್ತದೆ. ನಿಮ್ಮ ಕಡತದಲ್ಲಿ ‘ಇದು ನಮಗೆ ಬೇಡ’ ಅನ್ನುವ ಒಂದು ಸಾಲು ಇದೆಯಾ ನೋಡಿ. ಇಲ್ಲದಿದ್ದರೆ ಅದನ್ನು ಸ್ಟ್ರಾಟಜಿ ಅನ್ನುವ ಹಾಗಿಲ್ಲ.

ಪುಟದ ಲೆಕ್ಕ ಬಂತಲ್ಲ, ಅದಕ್ಕೇ ಒಂದು ಹಳೆಯ ಸಂಗತಿ ಹೇಳುತ್ತೇನೆ. 1931ರಲ್ಲಿ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿಯಲ್ಲಿ ನೀಲ್ ಮ್ಯಾಕ್‌ಎಲ್ರಾಯ್ ಅನ್ನೋ ಯುವಕ ಕ್ಯಾಮೇ ಸೋಪಿನ ಜಾಹೀರಾತು ನೋಡಿಕೊಳ್ಳುತ್ತಿದ್ದ. ಅದೇ ಕಂಪನಿಯ ಐವರಿ ಸೋಪಿನ ನೆರಳಲ್ಲಿ ಕ್ಯಾಮೇ ಸೊರಗುತ್ತಿತ್ತು. ಆತ ಮೇಲಿನವರಿಗೆ ಮೂರು ಪುಟದ ಒಂದು ಟಿಪ್ಪಣಿ ಬರೆದ. ಒಂದೊಂದು ಬ್ರ್ಯಾಂಡಿಗೂ ಅದನ್ನೇ ನೋಡಿಕೊಳ್ಳುವ ಜನ ಬೇಕು, ಸರಕು ಎಲ್ಲಿ ಚೆನ್ನಾಗಿ ಹೋಗುತ್ತಿದೆ, ಎಲ್ಲಿ ಹೋಗುತ್ತಿಲ್ಲ ಅಂತ ಅವರು ಲೆಕ್ಕ ನೋಡಬೇಕು, ಹೋಗದ ಕಡೆ ತಾವೇ ಹೋಗಿ ಅಂಗಡಿಯವರ ಹತ್ತಿರ, ಕೊಳ್ಳುವವರ ಹತ್ತಿರ ಮಾತಾಡಿ ಕಾರಣ ತಿಳಿಯಬೇಕು ಅನ್ನೋದು ಅದರ ತಿರುಳು. ಇವತ್ತಿನ ಬ್ರ್ಯಾಂಡ್ ಮ್ಯಾನೇಜರ್ ಅನ್ನೋ ಹುದ್ದೆ ಹುಟ್ಟಿದ್ದೇ ಆ ಮೂರು ಪುಟದಿಂದ. ಅದರಲ್ಲಿ ಮಿಷನ್, ವಿಷನ್ ಯಾವುದೂ ಇರಲಿಲ್ಲ. ಲೆಕ್ಕ ನೋಡು, ಹೋಗಿ ಕೇಳು, ಅಷ್ಟೇ. ಈ ಎರಡೂ ಕೆಲಸಕ್ಕೆ ಇವತ್ತು ಟೂಲ್‌ಗಳು ನಿಜಕ್ಕೂ ನೆರವಾಗುತ್ತವೆ.

ಹೇಗೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಾಕೆಂದರೆ ನಿಮಗೆ ನಿಜವಾದ ಲಾಭ ಇರುವುದು ಇಲ್ಲೇ.

ನಾಲ್ಕು ವರ್ಷದಲ್ಲಿ ನಿಮಗೆ ಬಂದ ಮೆಸೇಜ್, ಇಮೇಲ್, ರಿವ್ಯೂ, ವಾಪಸ್ ಕಳಿಸುವಾಗ ಕೊಟ್ಟ ಕಾರಣ, ಎಲ್ಲವನ್ನೂ ಒಂದು ಸ್ಪ್ರೆಡ್‌ಶೀಟಿಗೆ ತನ್ನಿ. ಒಂದು ಸಾಲಿಗೆ ಒಂದು ಮಾತು. ಎಡಗಡೆ ಸಾಲಿನ ನಂಬರ್. ಹೆಸರು, ಫೋನ್ ನಂಬರ್, ವಿಳಾಸ ಎಲ್ಲ ಅಳಿಸಿ. ಇದನ್ನು ಮರೆಯಬೇಡಿ. ಗಿರಾಕಿ ನಿಮ್ಮನ್ನು ನಂಬಿ ಕೊಟ್ಟ ವಿವರವನ್ನು ಹೊರಗಿನ ಟೂಲ್‌ಗೆ ಸುರಿಯುವ ಹಕ್ಕು ನಮಗಿಲ್ಲ. ಎಷ್ಟೋ ಟೂಲ್‌ಗಳು ನೀವು ಹಾಕಿದ್ದನ್ನು ತಮ್ಮ ಮಾದರಿಯ ತರಬೇತಿಗೆ ಬಳಸಿಕೊಳ್ಳುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡುವ ಅವಕಾಶ ಇದೆಯಾ ಅಂತ ಮೊದಲೇ ನೋಡಿ.

ಆಮೇಲೆ ಟೂಲ್ ಮುಟ್ಟದೆ, ಇಬ್ಬರೂ ಬೇರೆ ಬೇರೆ ಕೂತು, ಮೊದಲ ಇನ್ನೂರು ಸಾಲನ್ನು ಕಣ್ಣಾರೆ ಓದಿ. ಬೇಜಾರಿನ ಕೆಲಸ ಅನ್ನಿಸಬಹುದು. ಆದರೂ ಓದಿ. ಯಾಕೆ ಅಂತ ನನ್ನದೇ ಒಂದು ಅನುಭವ ಹೇಳುತ್ತೇನೆ.

ಮನೆಯಿಂದ ಕೆಲಸ ಮಾಡುವವರಿಗೆ ಕುರ್ಚಿ ಮಾಡುವ ಒಂದು ಸಣ್ಣ ಕಂಪನಿಗೆ ನಾನು ಕೆಲಸ ಮಾಡುತ್ತಿದ್ದೆ. ರಿವ್ಯೂಗಳನ್ನೆಲ್ಲ ಟೂಲ್‌ಗೆ ಹಾಕಿದೆವು. ಸಾರಾಂಶ ಬಂತು. ಆರಾಮ ಮೊದಲು, ಬೆಲೆ ಎರಡನೆಯದು, ನೋಟ ಮೂರನೆಯದು. ‘ಜೋಡಣೆ ಬಗ್ಗೆ ಒಳ್ಳೆಯ ಅಭಿಪ್ರಾಯ’ ಅಂತ ಕೊನೆಗೊಂದು ಸಾಲು. ಕುರ್ಚಿ ಮಾರುವ ಯಾರಿಗಾದರೂ ಬರಬಹುದಾದ ಪಟ್ಟಿ ಅದು. ಆ ರಾತ್ರಿ ನಾನು ಸುಮ್ನೆ ಮೂಲ ರಿವ್ಯೂಗಳನ್ನೇ ಓದುತ್ತಾ ಕೂತೆ. ‘ಒಬ್ಬಳೇ ಜೋಡಿಸಿದೆ.’ ‘ಯಾರನ್ನೂ ಕರೆಯಬೇಕಾಗಲಿಲ್ಲ.’ ‘ಅಮ್ಮ ಒಬ್ಬರೇ ಕೂತು ಸ್ಕ್ರೂ ಹಾಕಿದರು, ನಾನು ನೋಡ್ತಾ ಇದ್ದೆ.’ ಒಬ್ಬಳೇ, ಒಬ್ಬರೇ, ಒಬ್ಬನೇ. ಮತ್ತೆ ಮತ್ತೆ ಅದೇ ಪದ. ಟೂಲ್ ಅದನ್ನೆಲ್ಲ ‘ಜೋಡಣೆ’ ಅನ್ನೋ ಡಬ್ಬಿಗೆ ಹಾಕಿ ಮುಚ್ಚಿಬಿಟ್ಟಿತ್ತು. ಆ ಜನ ಸ್ಕ್ರೂ ಬಗ್ಗೆ ಹೇಳುತ್ತಿರಲಿಲ್ಲ. ಯಾರ ಹಂಗೂ ಇಲ್ಲದೆ ಮಾಡಿ ಮುಗಿಸಿದ ಹೆಮ್ಮೆಯನ್ನು ಹೇಳುತ್ತಿದ್ದರು. ಆ ಒಂದು ಪದದ ಮೇಲೆ ಕಂಪನಿಯ ಮುಂದಿನ ತೀರ್ಮಾನಗಳೆಲ್ಲ ನಿಂತವು. ಡಬ್ಬಿ ಒಬ್ಬರೇ ಎತ್ತುವಷ್ಟು ಹಗುರವಾಗಿರಬೇಕು, ಎಲ್ಲ ಸ್ಕ್ರೂಗೂ ಒಂದೇ ಕೀಲಿ ಸಾಕಾಗಬೇಕು, ಸೂಚನೆಯ ಹಾಳೆಯಲ್ಲಿ ಒಂದೇ ಜೊತೆ ಕೈಗಳ ಚಿತ್ರ ಇರಬೇಕು. ಒಬ್ಬರಿಂದ ಜೋಡಿಸಲು ಆಗದ ಒಂದು ದೊಡ್ಡ ಮಾದರಿಯನ್ನು ಅವರು ನಿಲ್ಲಿಸಿಯೇಬಿಟ್ಟರು.

ನೀವು ಓದಿ ಮುಗಿಸಿದ ಮೇಲೆ ಟೂಲ್‌ಗೆ ಕೆಲಸ ಕೊಡಿ. ಕೇಳುವ ರೀತಿ ಬೇರೆ ಇರಲಿ. ‘ಸಾರಾಂಶ ಬೇಡ. ಒಂದಕ್ಕಿಂತ ಜಾಸ್ತಿ ಜನ ಬಳಸಿದ ಪದಗಳನ್ನು ಅವರದೇ ಮಾತಿನಲ್ಲಿ, ಸಾಲಿನ ನಂಬರ್ ಸಮೇತ ಕೊಡು’ ಅಂತ ಹೇಳಿ. ನಂಬರ್ ಯಾಕೆಂದರೆ ಈ ಮಾದರಿಗಳು ಇಲ್ಲದ್ದನ್ನೂ ಇದ್ದ ಹಾಗೆ ಹೇಳಿಬಿಡುತ್ತವೆ. ಹತ್ತು ನಂಬರ್ ಆರಿಸಿ ಮೂಲ ಸಾಲು ತೆಗೆದು ನೋಡಿ. ಎರಡು ತಪ್ಪು ಸಿಕ್ಕರೆ ಇಡೀ ಪಟ್ಟಿಯನ್ನು ಅನುಮಾನದಿಂದಲೇ ನೋಡಿ. ಆಮೇಲೆ, ಬ್ಯಾಗ್ ಚೆನ್ನಾಗಿದೆ ಅಂದವರನ್ನು ಬದಿಗಿಟ್ಟು, ಎರಡನೇ ಸಲ ಕೊಂಡವರ ಮಾತನ್ನಷ್ಟೇ ಬೇರೆ ಮಾಡಿಸಿ. ಹೊಗಳುವುದು ಸುಲಭ. ಮತ್ತೆ ದುಡ್ಡು ಕೊಡುವುದು ಕಷ್ಟ. ಕಷ್ಟದ್ದನ್ನು ಮಾಡಿದವರು ಏನಂದರು ಅನ್ನೋದಕ್ಕೆ ತೂಕ ಜಾಸ್ತಿ.

ಇತ್ತೀಚೆಗೆ ಕೆಲವು ಟೂಲ್‌ಗಳು ‘ಕೃತಕ ಗ್ರಾಹಕರ’ ಸಮೀಕ್ಷೆ ಮಾಡಿಕೊಡುತ್ತೇವೆ ಅನ್ನುತ್ತವೆ. ಎಐ ತಾನೇ ಗಿರಾಕಿಯ ವೇಷ ಹಾಕಿ ಉತ್ತರ ಕೊಡುತ್ತದೆ. ಸಮೀಕ್ಷೆಯ ಪ್ರಶ್ನೆಗಳು ಅರ್ಥವಾಗುವ ಹಾಗಿವೆಯಾ ಅಂತ ನೋಡಲು ಬಳಸಿ, ತೊಂದರೆಯಿಲ್ಲ. ಅದರ ಉತ್ತರ ನಂಬಿ ತೀರ್ಮಾನ ಮಾಡಬೇಡಿ. ಮೇಲೆ ಹೇಳಿದ ಅದೇ ಸರಾಸರಿ ಇನ್ನೊಂದು ವೇಷದಲ್ಲಿ ಬಂದಿರುತ್ತದೆ.

ಇನ್ನು ಬಹಳ ಜನ ನಂಬುವ ಒಂದು ಮಾತು: ಡೇಟಾ ಜಾಸ್ತಿ ಇದ್ದಷ್ಟೂ ತೀರ್ಮಾನ ಸರಿ. 1985ರಲ್ಲಿ ಕೋಕಾ ಕೋಲಾ ಕಂಪನಿ ತನ್ನ ರುಚಿಯನ್ನೇ ಬದಲಿಸಿತು. ಅದಕ್ಕೂ ಮೊದಲು ಸುಮಾರು 2 ಲಕ್ಷ ಜನಕ್ಕೆ ಕುಡಿಸಿ ನೋಡಿತ್ತು. ಹೊಸ ರುಚಿಯೇ ಗೆದ್ದಿತ್ತು. ಏಪ್ರಿಲ್ 23ಕ್ಕೆ ಹೊಸದು ಬಂತು. ಜನ ಸಿಟ್ಟಿಗೆದ್ದರು. 79 ದಿನದಲ್ಲಿ, ಜುಲೈ 11ಕ್ಕೆ, ಹಳೆಯದನ್ನು ವಾಪಸ್ ತರುವುದಾಗಿ ಕಂಪನಿ ಹೇಳಬೇಕಾಯಿತು. ರುಚಿಯ ಲೆಕ್ಕ ತಪ್ಪಿರಲಿಲ್ಲ. ಆದರೆ ಜನಕ್ಕೆ ಹಳೆಯದರ ಜೊತೆ ಎಂಥ ನಂಟಿದೆ, ಅದು ಕೈತಪ್ಪಿದರೆ ಏನನ್ನಿಸುತ್ತದೆ ಅನ್ನೋದು ಗುಟುಕು ಕುಡಿಸುವ ಪರೀಕ್ಷೆಯಲ್ಲಿ ಗೊತ್ತಾಗುವಂಥದ್ದಾಗಿರಲಿಲ್ಲ. ನಿಮ್ಮ ಸಮೀಕ್ಷೆಯಲ್ಲೂ ಹೀಗಾಗಬಹುದು. ಟೂಲ್ ಚಂದದ ಗ್ರಾಫ್ ಬಿಡಿಸಿ ಕೊಡುತ್ತದೆ. ಯಾವ ಪ್ರಶ್ನೆ ಬಿಟ್ಟುಹೋಗಿದೆ ಅನ್ನೋದನ್ನು ಗ್ರಾಫ್ ತೋರಿಸುವುದಿಲ್ಲ.

ಜನ ಗೂಗಲ್‌ನಲ್ಲಿ ಯಾವುದನ್ನು ಯಾವಾಗ ಹೆಚ್ಚು ಹುಡುಕುತ್ತಾರೆ ಅಂತ ತೋರಿಸುವ ಗೂಗಲ್ ಟ್ರೆಂಡ್ಸ್ ಬಗ್ಗೆಯೂ ಒಂದು ಎಚ್ಚರಿಕೆ. ಅದರಲ್ಲಿ ಕಾಣುವ 0ಯಿಂದ 100ರವರೆಗಿನ ಅಂಕಿ ಎಷ್ಟು ಜನ ಹುಡುಕಿದರು ಅನ್ನೋ ಎಣಿಕೆ ಅಲ್ಲ. ನೀವು ಆರಿಸಿದ ಅವಧಿಯಲ್ಲಿ ಹುಡುಕಾಟ ಅತಿ ಹೆಚ್ಚಿದ್ದ ಹೊತ್ತನ್ನು 100 ಅಂತ ಇಟ್ಟುಕೊಂಡು, ಉಳಿದದ್ದನ್ನು ಅದಕ್ಕೆ ಹೋಲಿಸಿ ತೋರಿಸುತ್ತದೆ. 100 ಕಂಡಿತು ಅಂತ ಹೊಸ ಮಾದರಿ ಹೊಲಿಸಲು ಹೊರಡಬೇಡಿ. ನಿಮಗೆ ಅದಕ್ಕಿಂತ ಉಪಯೋಗಕ್ಕೆ ಬರುವುದು ಗೂಗಲ್ ಸರ್ಚ್ ಕನ್ಸೋಲ್. ಉಚಿತ. ಜನ ಏನು ಟೈಪ್ ಮಾಡಿ ನಿಮ್ಮ ವೆಬ್‌ಸೈಟಿಗೆ ಬಂದರು ಅನ್ನೋದು ಅದರಲ್ಲಿ 16 ತಿಂಗಳವರೆಗಿನದು ಸಿಗುತ್ತದೆ. ನಿಮ್ಮ ಹೆಸರನ್ನೇ ಟೈಪ್ ಮಾಡಿ ಬಂದವರೆಷ್ಟು, ಸುಮ್ನೆ ಬ್ಯಾಗ್ ಅಂತ ಹುಡುಕಿ ಬಂದವರೆಷ್ಟು, ಎರಡನ್ನೂ ಬೇರೆ ಮಾಡಿ. ಹೆಸರು ಹುಡುಕುವವರು ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿದ್ದರೆ ಬ್ರ್ಯಾಂಡ್ ಬೆಳೆಯುತ್ತಿದೆ ಅಂತ ಹೇಳಲು ಒಂದು ಆಧಾರ ಸಿಕ್ಕಿತು. ವಾರ ವಾರ ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಆರು ತಿಂಗಳಾದರೂ ಬೇಕು.

ಈಗ ಲೋಗೋ. ಹಳದಿಯನ್ನು ಬಿಡಬೇಡಿ.

2009ರ ಜನವರಿಯಲ್ಲಿ ಟ್ರಾಪಿಕಾನಾ ತನ್ನ ಕಿತ್ತಳೆ ರಸದ ಡಬ್ಬಿಯ ಮೇಲಿನ ಚಿತ್ರ ಬದಲಿಸಿತು. ಹಣ್ಣಿಗೆ ಸ್ಟ್ರಾ ಚುಚ್ಚಿದ ಹಳೆಯ ಚಿತ್ರ ಹೋಗಿ ಲೋಟದಲ್ಲಿ ರಸ ತುಂಬಿದ ಚಿತ್ರ ಬಂತು. ಒಳಗಿನ ರಸ ಅದೇ. ಎರಡು ತಿಂಗಳೊಳಗೆ ಮಾರಾಟ ಸುಮಾರು 20% ಇಳಿಯಿತು. ಫೆಬ್ರವರಿಯಲ್ಲೇ ಹಳೆಯದಕ್ಕೆ ಮರಳುವ ತೀರ್ಮಾನ ಆಯಿತು. ಅಂಗಡಿಯ ಕಪಾಟಿನ ಮುಂದೆ ಯಾರೂ ನಿಂತು ಓದುವುದಿಲ್ಲ. ಕಣ್ಣು ಹುಡುಕುವುದು ಗುರುತನ್ನು. ನಿಮ್ಮ ಗಿರಾಕಿ ಫೋನಿನಲ್ಲಿ ಹೆಬ್ಬೆರಳಿನಿಂದ ಸರಿಸುತ್ತಾ ಹೋಗುವಾಗಲೂ ಅದೇ ಕಥೆ. ನಾಲ್ಕು ವರ್ಷದಲ್ಲಿ ಆ ಹಳದಿ ಎಷ್ಟೋ ಜನರ ನೆನಪಿನಲ್ಲಿ ಕೂತಿದೆ. ಅದನ್ನು ತೆಗೆದರೆ ಮತ್ತೆ ಮೊದಲಿನಿಂದ ಶುರು.

ಆದರೆ ಟೂಲ್ ಹೇಳಿದ್ದರಲ್ಲಿ ಒಂದು ಸಣ್ಣ ಸತ್ಯ ಇರಬಹುದು. ಬಿಳಿ ಹಿನ್ನೆಲೆಯ ಮೇಲೆ ಹಳದಿ ಅಕ್ಷರ ಇದ್ದರೆ ಓದಲು ಆಗುವುದಿಲ್ಲ. ವೆಬ್ ಬರಹ ಎಲ್ಲರಿಗೂ ಕಾಣಿಸಲಿ ಅಂತ ಮಾಡಿರುವ ಡಬ್ಲ್ಯುಸಿಎಜಿ ಮಾನದಂಡದ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್, ಅಂದರೆ ಹೊಳಪಿನ ಅಂತರ, ಇರಬೇಕು. ಅಪ್ಪಟ ಹಳದಿ ಬಿಳಿಯ ಮೇಲೆ 1.1:1 ಕೂಡ ಮುಟ್ಟುವುದಿಲ್ಲ. ಅದೇ ಹಳದಿಯ ಮೇಲೆ ಕಪ್ಪು ಅಕ್ಷರ ಇಟ್ಟರೆ 19:1 ದಾಟುತ್ತದೆ. ಅಂದರೆ ಹಳದಿಯನ್ನು ಹಿನ್ನೆಲೆಗೆ ತಂದು ಅಕ್ಷರ ಕಪ್ಪು ಮಾಡಿದರೆ ಗುರುತೂ ಉಳಿಯಿತು, ಓದಲೂ ಆಯಿತು. ಕಾಂಟ್ರಾಸ್ಟ್ ಅಳೆಯುವ ಟೂಲ್‌ಗಳು ಉಚಿತವಾಗಿ ಸಿಗುತ್ತವೆ. ಇಂಥ ಕೆಲಸಕ್ಕೆ ಸಾಫ್ಟ್‌ವೇರನ್ನು ಕಣ್ಣುಮುಚ್ಚಿ ನಂಬಬಹುದು, ಯಾಕೆಂದರೆ ಇದು ಬರೀ ಲೆಕ್ಕ.

ಟೂಲ್ ಬಿಡಿಸಿದ ಹೊಸ ಲೋಗೋ ಬಗ್ಗೆ ಇನ್ನೊಂದು ಅಪಾಯ ಇದೆ. ಟೆಂಪ್ಲೇಟ್‌ಗಳಲ್ಲಿ ಸಿಗುವ ಚಿಹ್ನೆಗಳನ್ನು ನಿಮಗೆ ಕೊಟ್ಟ ಹಾಗೇ ಇನ್ನೂ ಎಷ್ಟೋ ಜನಕ್ಕೆ ಕೊಟ್ಟಿರುತ್ತಾರೆ. ಹಾಗಾಗಿ ಅದು ನಿಮ್ಮದೊಂದೇ ಅಂತ ಟ್ರೇಡ್‌ಮಾರ್ಕ್ ಪಡೆಯುವುದು ಕಷ್ಟ. ಪೂರ್ತಿ ಎಐ ಬಿಡಿಸಿದ ಚಿತ್ರವಾದರೆ ಕಾಪಿರೈಟ್ ಪ್ರಶ್ನೆಯೂ ಇದೆ. ಮನುಷ್ಯರ ಸೃಷ್ಟಿಗೆ ಮಾತ್ರ ಕಾಪಿರೈಟ್ ಅಂತ ಅಮೆರಿಕದ ಕಾಪಿರೈಟ್ ಕಚೇರಿ 2023ರ ಮಾರ್ಚಿನಲ್ಲಿ ಸ್ಪಷ್ಟವಾಗಿ ಹೇಳಿತು. ಎಲ್ಲ ದೇಶದ ಕಾನೂನೂ ಒಂದೇ ಅಲ್ಲ, ನಿಮ್ಮಲ್ಲಿಯದನ್ನು ವಕೀಲರ ಹತ್ತಿರ ಕೇಳಿ. ಹೆಸರಿನ ವಿಷಯದಲ್ಲಿ ಮಾತ್ರ ಇವತ್ತೇ ಒಂದು ಕೆಲಸ ಮಾಡಬಹುದು. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಗ್ಲೋಬಲ್ ಬ್ರ್ಯಾಂಡ್ ಡೇಟಾಬೇಸ್‌ನಲ್ಲಿ ನಿಮ್ಮ ಹೆಸರು ಹಾಕಿ ಹುಡುಕಿ. ಟ್ರೇಡ್‌ಮಾರ್ಕಿಗೆ ಒಟ್ಟು 45 ವರ್ಗಗಳಿವೆ, ಬ್ಯಾಗ್ ಬರುವುದು 18ನೇ ವರ್ಗದಲ್ಲಿ. ಅದೇ ವರ್ಗದಲ್ಲಿ ಅದೇ ಥರದ ಹೆಸರು ಕಂಡರೆ, ಉಳಿದದ್ದನ್ನೆಲ್ಲ ನಿಲ್ಲಿಸಿ ಮೊದಲು ಅದನ್ನು ಬಗೆಹರಿಸಿಕೊಳ್ಳಿ.

ದಾರಿಗಳ ಮಾತಿಗೆ ಬರೋಣ. ಎಲ್ಲವನ್ನೂ ನೀವೇ ಮಾಡಿಕೊಳ್ಳಬಹುದು. ಒಂದು ಸ್ಪ್ರೆಡ್‌ಶೀಟ್, ಇಬ್ಬರೂ ತಿದ್ದಬಹುದಾದ ಒಂದು ಡಾಕ್ಯುಮೆಂಟ್, ಸರ್ಚ್ ಕನ್ಸೋಲ್, ಯಾವುದೋ ಒಂದು ಎಐ ಚಾಟ್ ಸಾಕು. ದುಡ್ಡು ಹೋಗುವುದಿಲ್ಲ, ಆದರೆ ಸಮಯ ಹೋಗುತ್ತದೆ. ಮತ್ತೆ ನಮ್ಮ ಬೆನ್ನು ನಮಗೆ ಕಾಣದ ಹಾಗೆ, ನಮ್ಮ ಸರಕಿನ ಕೊರತೆ ನಮಗೆ ಕಾಣುವುದಿಲ್ಲ. ಅದಕ್ಕೆ ಎಐಯನ್ನು ಎದುರಾಳಿಯಾಗಿ ಕೂರಿಸಿ. ‘ಈ ತೀರ್ಮಾನ ಯಾಕೆ ಸೋಲುತ್ತದೆ ಅಂತ ಐದು ಕಾರಣ ಕೊಡು, ಹೊಗಳಬೇಡ’ ಅಂತ ಕೇಳಿ. ಈ ಕೆಲಸದಲ್ಲಿ ಅದು ನಿಜಕ್ಕೂ ಚುರುಕು.

ನನ್ನನ್ನು ಕೇಳಿದರೆ ಮಧ್ಯದ ದಾರಿ ನಿಮಗೆ ಸರಿ. ಕೇಳುವ, ಓದುವ, ಎಣಿಸುವ ಕೆಲಸ ಪೂರ್ತಿ ನೀವು ಮಾಡಿ. ಕೊನೆಗೆ ಅನುಭವ ಇರುವ ಒಬ್ಬರನ್ನು ಒಂದೆರಡು ದಿನಕ್ಕೆ ಮಾತ್ರ ಕರೆಯಿರಿ. ತಪ್ಪು ಜನ ಸಿಗುವ ಅಪಾಯ ಇಲ್ಲಿದೆ. ಮೊದಲ ಭೇಟಿಯಲ್ಲೇ ಬಣ್ಣ, ಫಾಂಟ್ ಅಂತ ಶುರು ಮಾಡುವವರನ್ನು ಬಿಡಿ. ‘ನಿಮ್ಮ ಗಿರಾಕಿಗಳಲ್ಲಿ ನಾಲ್ಕು ಜನರ ಹತ್ತಿರ ನಾನು ಮಾತಾಡಬಹುದಾ?’ ಅಂತ ಕೇಳುವವರನ್ನು ಇಟ್ಟುಕೊಳ್ಳಿ.

ತಿಂಗಳಿಗೆ ಇಷ್ಟು ಅಂತ ಕಟ್ಟಿಸಿಕೊಳ್ಳುವ ದೊಡ್ಡ ಬ್ರ್ಯಾಂಡ್ ಪ್ಲಾಟ್‌ಫಾರ್ಮ್‌ಗಳು ನಿಮಗೆ ಈಗ ಬೇಡ. ಅವು ಸೋಷಿಯಲ್ ಮೀಡಿಯಾದಲ್ಲಿ ನಿಮ್ಮ ಬಗ್ಗೆ ಬಂದ ಮಾತುಗಳನ್ನು ಹಿಡಿದು ಲೆಕ್ಕ ಹಾಕುತ್ತವೆ. ಸಣ್ಣ ವ್ಯಾಪಾರದ ಬಗ್ಗೆ ಅಲ್ಲಿ ಬರುವ ಮಾತೇ ಬೆರಳೆಣಿಕೆಯಷ್ಟು. ನೀವೇ ಓದಿ ಮುಗಿಸಬಹುದು.

ಇನ್ನೊಂದು ಸಂಗತಿಯನ್ನು ನೀವು ಕೇಳಿಲ್ಲ, ಆದರೆ ಹೇಳದೆ ಬಿಡಲಾರೆ. ಬೆಳೆಯದೆ ಇರುವುದಕ್ಕೆ ಕಾರಣ ಬ್ರ್ಯಾಂಡೇ ಅಂತ ಏನು ಗ್ಯಾರಂಟಿ? ಹೆಗಲಿನ ಪಟ್ಟಿಯ ಹೊಲಿಗೆ ಬಿಡುತ್ತಿದ್ದರೆ, ಜನ ಕೇಳುವ ಬಣ್ಣ ಸ್ಟಾಕ್‌ನಲ್ಲಿ ಇರದಿದ್ದರೆ, ದುಡ್ಡು ಕಟ್ಟುವ ಪುಟದಲ್ಲಿ ಅರ್ಧ ಜನ ವಾಪಸ್ ಹೋಗುತ್ತಿದ್ದರೆ ಯಾವ ಟ್ಯಾಗ್‌ಲೈನೂ ಕಾಪಾಡುವುದಿಲ್ಲ. ವಾಪಸ್ ಬಂದ ಬ್ಯಾಗ್‌ಗಳ ಕಾರಣದ ಸಾಲುಗಳನ್ನು ಓದುವಾಗ ಇದು ತಾನಾಗೇ ತಿಳಿಯುತ್ತದೆ. ಅಂಥದ್ದು ಕಂಡರೆ ಬ್ರ್ಯಾಂಡ್ ಕೆಲಸ ಎರಡು ತಿಂಗಳು ಮುಂದಕ್ಕೆ ಹಾಕಿ, ಹೊಲಿಗೆ ಸರಿ ಮಾಡಿಸಿ.

ಆ 24 ಪುಟವನ್ನು ಪೂರ್ತಿ ಎಸೆಯಬೇಡಿ. ಪ್ರತಿಸ್ಪರ್ಧಿಗಳ ಪಟ್ಟಿ ಇರುವ ಪುಟ ಉಳಿಸಿಕೊಳ್ಳಿ. ಒಂದೊಂದು ಹೆಸರೂ ನಿಜವಾಗಿ ಇದೆಯಾ, ಏನು ಮಾರುತ್ತಿದ್ದಾರೆ ಅಂತ ನೀವೇ ಅವರ ವೆಬ್‌ಸೈಟಿಗೆ ಹೋಗಿ ನೋಡಿ. ಉಳಿದದ್ದರ ಬದಲು ಒಂದೇ ಒಂದು ಪುಟ ಹೊಸದಾಗಿ ಬರೆಯಿರಿ. ನಮ್ಮ ಬ್ಯಾಗ್ ಯಾರಿಗೆ, ಯಾರಿಗಲ್ಲ. ಎರಡನೇ ಸಲ ಕೊಂಡವರು ತಮ್ಮದೇ ಮಾತಿನಲ್ಲಿ ಏನು ಹೇಳಿದರು. ಅದನ್ನು ಕಾಪಾಡಿಕೊಳ್ಳಲು ನಾವು ಏನು ಮಾಡುತ್ತೇವೆ, ಏನನ್ನು ನಿಲ್ಲಿಸುತ್ತೇವೆ. ಇಷ್ಟು ಸಾಕು.

ಬರೆದ ಮೇಲೆ ಆ ಪುಟವನ್ನು ತಂಗಿಯ ಕೈಗೆ ಕೊಡಿ. ಮತ್ತೆ ಆ ಇನ್ನೊಂದು ಕಂಪನಿಯ ಹೆಸರು ಹಾಕಿ ಗಟ್ಟಿಯಾಗಿ ಓದಲಿ. ತಂಗಿ ಯಾವ ಸಾಲಿನಲ್ಲಿ ತಡವರಿಸುತ್ತಾರೋ ಅದರ ಕೆಳಗೆ ಗೆರೆ ಎಳೆಯಿರಿ. ಆ ಸಾಲನ್ನು ನನಗೂ ಕಳಿಸಿ. ಓದಬೇಕು ಅಂತ ನನಗೂ ಆಸೆಯಿದೆ.